ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹುಬ್ಬಳ್ಳಿ ಸುತ್ತ ಯಾವ ಗುಡ್ಡ ಹತ್ತಬಹುದು?

ಮಕ್ಕಳು, ಮಂಡಿನೋವಿನವರು ಇದ್ದರೆ ಊರೊಳಗಿನ ನೃಪತುಂಗ ಬೆಟ್ಟವೇ ಸಾಕು. ದಿನಾ ವಾಕಿಂಗ್ ಮಾಡುವವರಿಗೆ ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲು. ಗಟ್ಟಿ ಕಾಲಿನವರು ಗದಗಿನ ಕಪ್ಪತಗುಡ್ಡಕ್ಕೆ ಹೋಗಿ.

ಆರಿಸುವಾಗ ಕಿಲೋಮೀಟರ್ ಅಲ್ಲ, ಏರು ನೋಡಿ. ಸಪಾಟು ದಾರಿಯಲ್ಲಿ ಗಂಟೆಗೆ 5 ಕಿ.ಮೀ. ನಡೆಯುವವರಿಗೂ ಪ್ರತಿ 600 ಮೀಟರ್ ಏರಿಗೆ ಸುಮಾರು ಒಂದು ಗಂಟೆ ಜಾಸ್ತಿ ಬೇಕು. ಇಳಿಯುವಾಗ ದಮ್ಮು ಹತ್ತಲ್ಲ ನಿಜ, ಆದರೆ ಹೆಜ್ಜೆ ಹೆಜ್ಜೆಗೂ ಮೈಭಾರವನ್ನು ತೊಡೆ ತಡೆದು ಹಿಡಿಯಬೇಕು. ಮಂಡಿ ತಕರಾರು ತೆಗೆಯುವುದು ಅಲ್ಲೇ.

ಕಪ್ಪತಗುಡ್ಡದಲ್ಲಿ ಹುಲ್ಲು, ಕುರುಚಲು ಗಿಡವೇ ಜಾಸ್ತಿ, ನೆರಳು ಕಡಿಮೆ. ನಾನಂತೂ ಬೆಳಗ್ಗೆ ಹತ್ತರೊಳಗೆ ಇಳಿದುಬಿಡುತ್ತೇನೆ. ಬುತ್ತಿಯ ರೊಟ್ಟಿ ಬಿಚ್ಚುವುದು ಕೆಳಗೆ ಬಂದ ಮೇಲೇ. ಅಂದಹಾಗೆ ಅದು 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ.