ಉಚಿತ ಎಚ್‌ಡಿ ಅಪ್‌ಗ್ರೇಡ್ ಎಂದು ನಂಬಿಸಿ ಡಿಟಿಎಚ್‌ನವರು ದುಬಾರಿ ಪ್ಯಾಕ್ ಹಾಕಿದ್ದಾರೆ. ಒಟಿಪಿ ನಾನೇ ಕೊಟ್ಟಿದ್ದೇನೆ. ಹೇಳಿದ ದರಕ್ಕೇ ಕೊಡಿ ಎಂದು ಈಗ ಕೇಳಬಹುದೇ, ಅಥವಾ ಕಂಪನಿ ಬದಲಿಸುವುದೇ ಲೇಸೇ?

ಖಂಡಿತ ಪ್ರಶ್ನಿಸಬಹುದು. ಒಟಿಪಿ ಕೊಟ್ಟ ಮೇಲೆ ಎಲ್ಲವೂ ಮುಗಿಯಿತು ಎಂದು ನೀವು ಭಾವಿಸಿರುವಂತಿದೆ. ನಾನೂ ಬಹಳ ಕಾಲ ಹಾಗೆಯೇ ಭಾವಿಸಿದ್ದೆ. ಆದರೆ ನನ್ನ ಹಣ ಹೋದದ್ದು ಒಟಿಪಿಯಿಂದಲ್ಲ, ಮೋಸ ಗೊತ್ತಾದ ಮೇಲೆ ನಾನೇ ಮಾಡಿದ ಒಂದು ರೀಚಾರ್ಜ್‌ನಿಂದ. ನೀವು ಇನ್ನೂ ಆ ಹಂತಕ್ಕೆ ಬಂದಿಲ್ಲವೆಂದು ನಿಮ್ಮ ಪ್ರಶ್ನೆಯಿಂದ ತಿಳಿಯುತ್ತದೆ, ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನಗೆ ಬಂದ ಕರೆಯೂ ನಿಮಗೆ ಬಂದಂಥದ್ದೇ. ನಾನು ಹಳೆಯ ಗ್ರಾಹಕನಾದ್ದರಿಂದ ಕಂಪನಿಯ ಕಡೆಯಿಂದ ಎಚ್‌ಡಿ ಬಾಕ್ಸ್ ಉಚಿತವಾಗಿ ಕೊಡುತ್ತಿರುವುದಾಗಿಯೂ, ತಿಂಗಳಿಗೆ ಈಗ ಕಟ್ಟುವಷ್ಟನ್ನೇ ಕಟ್ಟಿದರೆ ಸಾಕೆಂದೂ ಕರೆ ಮಾಡಿದಾಕೆ ಹೇಳಿದರು. ಮುಂದೆ ದರ ಏರುವುದಿಲ್ಲವೇ ಎಂದು ನಾನು ಕೇಳಿದೆ. "ಒಂದು ರೂಪಾಯಿಯೂ ಜಾಸ್ತಿ ಆಗಲ್ಲ ಸರ್" ಎಂಬ ಉತ್ತರ ಬಂತು. ಮರುದಿನ ಬಂದ ಟೆಕ್ನಿಷಿಯನ್ ಹೊಸ ಬಾಕ್ಸ್ ಜೋಡಿಸಿ, ಹಳೆಯ ಬಾಕ್ಸನ್ನೂ ಅದರ ರಿಮೋಟನ್ನೂ ತನ್ನ ಚೀಲಕ್ಕೆ ಹಾಕಿಕೊಂಡು, ತನ್ನ ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಸಹಿ ಮಾಡುವಂತೆ ಕೇಳಿದ. ಸಹಿಯ ಚೌಕವೊಂದೇ ಕಾಣುವಷ್ಟು ಪರದೆಯನ್ನು ಸರಿಸಿ ಹಿಡಿದಿದ್ದ, ಅದರ ಮೇಲಿದ್ದ ಇಂಗ್ಲಿಷ್ ಸಾಲುಗಳಲ್ಲಿ ಕೊನೆಯದರ ಅರ್ಧ ಮಾತ್ರ ಇಣುಕುತ್ತಿತ್ತು. ಬಾಕ್ಸ್ ಬಾಡಿಗೆಯ ಆಧಾರದ ಮೇಲೆ ಕೊಟ್ಟದ್ದು ಎಂಬುದು ಆ ಮರೆಯಾದ ಸಾಲುಗಳಲ್ಲಿತ್ತೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ದೂರಿಗೆ ಉತ್ತರವಾಗಿ ಕಂಪನಿ ಆ ನಮೂನೆಯ ಪ್ರತಿಯನ್ನು ಕಳುಹಿಸಿದಾಗ.

ಮೊದಲ ತಿಂಗಳು ಹಳೆಯ ಮೊತ್ತವೇ ಕಡಿತವಾಯಿತು. ಎರಡನೆಯ ತಿಂಗಳು ಬಂದ ಸಂದೇಶದಲ್ಲಿ ಅದು ಸುಮಾರು ಒಂದೂವರೆ ಪಟ್ಟಾಗಿತ್ತು. ಕಸ್ಟಮರ್ ಕೇರ್‌ನವರ ವಿವರಣೆಯ ಪ್ರಕಾರ ಮೊದಲ ತಿಂಗಳದು ಪರಿಚಯದ ರಿಯಾಯಿತಿ, ಈಗಿನದು ನಿಜವಾದ ದರ, ಅದರ ಮೇಲೆ ಬಾಕ್ಸಿನ ಬಾಡಿಗೆ, ಎಲ್ಲದರ ಮೇಲೆ ಶೇಕಡ 18ರ ಜಿಎಸ್‌ಟಿ.

ಮೊತ್ತ ಹೇಗೆ ಏರುತ್ತದೆಂಬುದನ್ನು ನೀವು ಅರ್ಥಮಾಡಿಕೊಳ್ಳಬೇಕು, ಏಕೆಂದರೆ ಮೋಸ ಅಡಗಿರುವುದು ಅಲ್ಲಿಯೇ. ಒಂದೇ ಚಾನೆಲ್‌ನ ಎಸ್‌ಡಿ, ಅಂದರೆ ಸಾಧಾರಣ ಸ್ಪಷ್ಟತೆಯ ರೂಪಕ್ಕೂ ಎಚ್‌ಡಿ, ಅಂದರೆ ಹೆಚ್ಚು ಸ್ಪಷ್ಟತೆಯ ರೂಪಕ್ಕೂ ಬೇರೆ ಬೇರೆ ದರವಿರುತ್ತದೆ. 2019ರ ಫೆಬ್ರವರಿಯಿಂದ ಜಾರಿಗೆ ಬಂದ, ಟಿವಿ ಸೇವೆಗಳ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ನ ವ್ಯವಸ್ಥೆಯಲ್ಲಿ ಚಾನೆಲ್‌ಗಳ ಬೆಲೆಯಲ್ಲದೆ ಚಾನೆಲ್‌ಗಳನ್ನು ಮನೆಗೆ ತಲುಪಿಸುವುದಕ್ಕಾಗಿ ಕಂಪನಿ ಪಡೆಯುವ ನೆಟ್‌ವರ್ಕ್ ಕೆಪಾಸಿಟಿ ಶುಲ್ಕವೂ ಇದೆ, ಅದರ ಲೆಕ್ಕದಲ್ಲಿ ಒಂದು ಎಚ್‌ಡಿ ಚಾನೆಲ್ ಎರಡು ಎಸ್‌ಡಿ ಚಾನೆಲ್‌ಗಳಿಗೆ ಸಮ. ಆರಂಭದಲ್ಲಿ ಆ ಶುಲ್ಕಕ್ಕೆ 100 ಚಾನೆಲ್‌ಗಳಿಗೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು, ಮುಂದೆ ಅದೇ ಮೊತ್ತಕ್ಕೆ 200 ಚಾನೆಲ್‌ಗಳಾದವು, 2024ರಲ್ಲಿ ಮಿತಿಯನ್ನೇ ತೆಗೆದು ನಿರ್ಧಾರವನ್ನು ಕಂಪನಿಗಳಿಗೆ ಬಿಡಲಾಯಿತು. ಇಷ್ಟೆಲ್ಲ ಏರುಪೇರು ಪ್ಯಾಕ್‌ಗೆ ಸಂಬಂಧಿಸಿದ್ದೇ ಹೊರತು ಬಾಕ್ಸಿಗೆ ಸಂಬಂಧಿಸಿದ್ದಲ್ಲ. ಎಚ್‌ಡಿ ಬಾಕ್ಸಿನಲ್ಲಿ ಎಸ್‌ಡಿ ಚಾನೆಲ್‌ಗಳು ಯಾವ ಅಡ್ಡಿಯೂ ಇಲ್ಲದೆ ಬರುತ್ತವೆ. ಬಾಕ್ಸ್ ಬದಲಾಯಿತೆಂದ ಮಾತ್ರಕ್ಕೆ ಪ್ಯಾಕ್ ಬದಲಾಗಬೇಕಾದ ಅಗತ್ಯವೇ ಇಲ್ಲ. ಕರೆ ಮಾಡಿದವರು ಈ ಎರಡನ್ನೂ "ಅಪ್‌ಗ್ರೇಡ್" ಎಂಬ ಒಂದೇ ಹೆಸರಿನಡಿ ಸೇರಿಸಿ, ಬಾಕ್ಸಿಗೆ ಒಪ್ಪಿದ ನಮ್ಮ ಮಾತನ್ನು ಪ್ಯಾಕಿಗೂ ಒಪ್ಪಿಗೆ ಎಂದು ದಾಖಲಿಸಿಕೊಳ್ಳುತ್ತಾರೆ.

ಈಗ ಆ ರೀಚಾರ್ಜ್ ವಿಷಯ. ಹೆಚ್ಚಿನ ಮೊತ್ತ ಕಂಡ ದಿನವೇ ನಾನು ಕರೆ ಮಾಡಿ ದೂರು ಕೊಟ್ಟೆ, ಅವರು ದೂರಿನ ಸಂಖ್ಯೆಯನ್ನೂ ಕೊಟ್ಟರು. ಅಷ್ಟರಲ್ಲಿ ಖಾತೆಯಲ್ಲಿ ಉಳಿದಿದ್ದ ಹಣ ಮುಗಿಯುತ್ತ ಬಂದಿತ್ತು. ದೂರು ಪರಿಶೀಲನೆಯಲ್ಲಿರುವಾಗ ಸಂಪರ್ಕ ನಿಂತುಹೋಗುತ್ತದೆಯೇ ಎಂದು ಕೇಳಿದಾಗ, "ಈಗ ರೀಚಾರ್ಜ್ ಮಾಡಿ ಸರ್, ದೂರು ಇತ್ಯರ್ಥವಾದ ಮೇಲೆ ಅಡ್ಜಸ್ಟ್ ಮಾಡ್ತೇವೆ" ಎಂದರು. ಆ ಮಾತನ್ನು ನಂಬಿ ಆ್ಯಪ್ ತೆರೆದೆ. ಹೊಸ ಪ್ಯಾಕಿನ ಪೂರ್ತಿ ಮೊತ್ತ ಅಲ್ಲಿ ಸಿದ್ಧವಾಗಿ ನಮೂದಾಗಿತ್ತು. ಅದರ ಕೆಳಗೆ ಬೇರೆ ಮೊತ್ತ ಬರೆಯುವ ಜಾಗವೂ ಇತ್ತು, ಪ್ಯಾಕ್ ಬದಲಿಸುವ ಆಯ್ಕೆಯೂ ಇತ್ತು. ನಾನು ಎರಡನ್ನೂ ಮುಟ್ಟದೆ ನಮೂದಾಗಿದ್ದಷ್ಟನ್ನೇ ಕಟ್ಟಿದೆ. ಮುಂದಿನ ತಿಂಗಳೂ ಹಾಗೆಯೇ ಮಾಡಿದೆ, ಅದರ ಮುಂದಿನ ತಿಂಗಳೂ ಹಾಗೆಯೇ ಮಾಡಿದೆ. ಪ್ರತಿ ಸಲವೂ ನನ್ನ ಮನಸ್ಸಿನಲ್ಲಿ ಅದು ಒಪ್ಪಿಗೆಯಲ್ಲ, ತಾತ್ಕಾಲಿಕ ಪಾವತಿ. ಆದರೆ ಮನಸ್ಸಿನಲ್ಲಿದ್ದದ್ದು ಯಾವ ಕಾಗದದ ಮೇಲೂ ಇರಲಿಲ್ಲ, ಯಾವ ಇಮೇಲ್‌ನಲ್ಲಿಯೂ ಇರಲಿಲ್ಲ. ಕಂಪನಿಯ ದಾಖಲೆಯಲ್ಲಿ ಕಾಣುತ್ತಿದ್ದದ್ದು, ದರ ಗೊತ್ತಾದ ಮೇಲೂ ತಿಂಗಳು ತಿಂಗಳು ಅದೇ ದರವನ್ನು ಸ್ವಂತ ಕೈಯಿಂದ ಕಟ್ಟಿದ ಗ್ರಾಹಕ.

ಇದು ಏಕೆ ಅಷ್ಟು ದೊಡ್ಡ ವಿಷಯವೆಂದರೆ, 1872ರ ಭಾರತೀಯ ಕರಾರು ಕಾಯ್ದೆಯ 19ನೆಯ ಕಲಮಿನ ಪ್ರಕಾರ ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಪಡೆದ ಸಮ್ಮತಿಯ ಮೇಲೆ ನಿಂತ ಕರಾರು ತನ್ನಷ್ಟಕ್ಕೆ ಬಿದ್ದುಹೋಗುವುದಿಲ್ಲ, ಮೋಸಹೋದವನು ಬಯಸಿದರೆ ಅದನ್ನು ರದ್ದುಮಾಡಬಹುದು. ರದ್ದುಮಾಡುವ ಆಯ್ಕೆ ನಮ್ಮದು, ಮುಂದುವರಿಸುವ ಆಯ್ಕೆಯೂ ನಮ್ಮದು. ನಿಜ ಗೊತ್ತಾದ ಮೇಲೆ ಮುಂದುವರಿಸಿದವರಂತೆ ನಡೆದುಕೊಂಡರೆ, ರದ್ದುಮಾಡುವ ಆಯ್ಕೆಯನ್ನು ನಾವೇ ಬಿಟ್ಟುಕೊಟ್ಟಂತೆ. ಕಸ್ಟಮರ್ ಕೇರ್‌ನಲ್ಲಿ ಬಗೆಹರಿಯದ ದೂರುಗಳನ್ನು ನೋಡುವ ಕಂಪನಿಯ ನೋಡಲ್ ಅಧಿಕಾರಿಯ ಉತ್ತರದಲ್ಲಿ ನನ್ನ ವಿರುದ್ಧ ಬಳಸಿದ ವಾದ ಇದೊಂದೇ. ಒಟಿಪಿಯ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ, ಹೇಳಲು ಅವರಿಗೆ ಏನೂ ಇರಲಿಲ್ಲ. ನನಗೆ ಬಂದಿದ್ದ ಒಟಿಪಿ ಸಂದೇಶದಲ್ಲಿ "ನಿಮ್ಮ ಅಪ್‌ಗ್ರೇಡ್ ಕೋರಿಕೆಯನ್ನು ಖಚಿತಪಡಿಸಲು" ಎಂದಿತ್ತೇ ಹೊರತು ಪ್ಯಾಕಿನ ಹೆಸರಾಗಲಿ, ಮಾಸಿಕ ಮೊತ್ತವಾಗಲಿ, ಬಾಡಿಗೆಯ ಉಲ್ಲೇಖವಾಗಲಿ ಇರಲಿಲ್ಲ. ಬೆಲೆಯನ್ನೇ ತಿಳಿಸದ ಸಂದೇಶಕ್ಕೆ ಕೊಟ್ಟ ಅಂಕಿಗಳು ಆ ಬೆಲೆಗೆ ಸಮ್ಮತಿಯಾಗಲಾರವು. ಕೊನೆಗೆ ನನ್ನ ಪ್ಯಾಕನ್ನು ಹಳೆಯದಕ್ಕೆ ಮರಳಿಸಿದರು, ಮುಂದಿನ ಬಾಡಿಗೆಯನ್ನೂ ಕೈಬಿಟ್ಟರು. ನಾನು ದೂರು ಕೊಟ್ಟ ದಿನದವರೆಗೆ ಕಡಿತವಾದ ಹೆಚ್ಚುವರಿ ಹಣವಷ್ಟೇ ಮರಳಿ ಬಂತು. ಆನಂತರದ ರೀಚಾರ್ಜ್‌ಗಳಲ್ಲಿ ಹೆಚ್ಚಾಗಿ ಕಟ್ಟಿದ್ದು ಬರಲಿಲ್ಲ, ನನ್ನ ನಷ್ಟದಲ್ಲಿ ದೊಡ್ಡ ಪಾಲು ಅದೇ.

ಆದ್ದರಿಂದ ಮೊದಲು ನಿಮ್ಮ ಒಟಿಪಿ ಸಂದೇಶವನ್ನು ಹುಡುಕಿ ತೆಗೆದು ಪೂರ್ತಿ ಓದಿ, ಅಳಿಸಬೇಡಿ. ಅದರಲ್ಲಿ ಮೊತ್ತ ಸ್ಪಷ್ಟವಾಗಿದ್ದರೆ ನಿಮ್ಮ ಕೆಲಸ ಕಷ್ಟವಾಗುತ್ತದೆ, ಏಕೆಂದರೆ ಸಾಮಾನ್ಯ ಎಚ್ಚರಿಕೆಯಿಂದ ನಿಜ ತಿಳಿಯಬಹುದಿತ್ತೆಂದು ಅವರು ವಾದಿಸುತ್ತಾರೆ. ಮೊತ್ತ ಇಲ್ಲದಿದ್ದರೆ ಅದು ನಿಮ್ಮ ಪರವಾದ ಸಾಕ್ಷ್ಯ.

ಹೇಳಿದ ದರಕ್ಕೇ ಎಚ್‌ಡಿ ಪ್ಯಾಕ್ ಕೊಡುವಂತೆ ಪಟ್ಟುಹಿಡಿಯಬೇಕೆಂಬ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಕಾಯ್ದೆ ಅದಕ್ಕೂ ದಾರಿ ಕೊಟ್ಟಿದೆ, ಮಾತು ನಿಜವಾಗಿದ್ದರೆ ನೀವು ಯಾವ ಸ್ಥಿತಿಯಲ್ಲಿರುತ್ತಿದ್ದಿರೋ ಆ ಸ್ಥಿತಿಯನ್ನು ಕೇಳಬಹುದು. ಆದರೆ ಹಾಗೆ ಕೇಳಿದ ಕ್ಷಣದಿಂದ ನೀವು ಕರಾರನ್ನು ಒಪ್ಪಿ ದರದ ಬಗ್ಗೆ ಮಾತ್ರ ತಕರಾರು ಮಾಡುವವರಾಗುತ್ತೀರಿ. ಅವರು ಕೆಲವು ತಿಂಗಳ ರಿಯಾಯಿತಿ ಕೊಟ್ಟು ದೂರನ್ನು ಮುಚ್ಚುತ್ತಾರೆ, ರಿಯಾಯಿತಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ಕಂಪನಿ ಬದಲಿಸುವುದೂ ಪರಿಹಾರವಲ್ಲ. ಹೊಸ ಸಂಪರ್ಕಕ್ಕೆ ಮತ್ತೆ ಖರ್ಚು ನಿಮ್ಮದೇ, ಹಳೆಯ ಖಾತೆಯಲ್ಲಿ ಉಳಿದ ಹಣವೂ ಬಾಡಿಗೆಯ ಬಾಕ್ಸೂ ಅವರ ಲೆಕ್ಕದಲ್ಲಿ ತೂಗಾಡುತ್ತವೆ. ಕೇಳಬೇಕಾದದ್ದು ಒಂದೇ: ಪ್ಯಾಕ್ ಬದಲಾವಣೆಯನ್ನು ಅದು ಆದ ದಿನದಿಂದಲೇ ರದ್ದುಮಾಡಿ, ಹಳೆಯ ಪ್ಯಾಕಿಗೆ ಮರಳಿಸಿ, ವ್ಯತ್ಯಾಸದ ಹಣವನ್ನು ತೆರಿಗೆಸಹಿತ ಹಿಂದಿರುಗಿಸಬೇಕು.

ಫೋನಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯನ್ನು ವಿವರಿಸುವಾಗ ಬರಹದಲ್ಲಿ ಕೊಟ್ಟ ಸುಳ್ಳು ಹೇಳಿಕೆಯನ್ನು ಮಾತ್ರವಲ್ಲ, ಬಾಯಿಮಾತಿನ ಹೇಳಿಕೆಯನ್ನೂ ಸೇರಿಸಿದೆ, ಬೆಲೆಯ ವಿಷಯದಲ್ಲಿ ದಾರಿತಪ್ಪಿಸುವುದೂ ಅದರೊಳಗೆ ಬರುತ್ತದೆ. "ಉಚಿತ" ಎಂದು ಅವರು ಜಾಹೀರಾತನ್ನೂ ಕೊಟ್ಟಿದ್ದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಉಲ್ಲೇಖಿಸಿ. ಕೊಡುಗೆಗೆ ಪ್ರತಿಕ್ರಿಯಿಸುವ ಅನಿವಾರ್ಯ ವೆಚ್ಚ ಮತ್ತು ವಸ್ತುವನ್ನು ತರಿಸಿಕೊಳ್ಳುವ ವೆಚ್ಚದ ಹೊರತು ಬೇರೇನಾದರೂ ಕಟ್ಟಬೇಕಾಗಿದ್ದರೆ ಅದನ್ನು ಉಚಿತ ಎನ್ನುವಂತಿಲ್ಲವೆಂದು ಅದರಲ್ಲಿದೆ. ದಾರಿತಪ್ಪಿಸುವ ಮಾತನ್ನು ಸಣ್ಣ ಅಕ್ಷರದ ಷರತ್ತಿನಿಂದ ಸರಿಪಡಿಸುವಂತಿಲ್ಲವೆಂದೂ ಇದೆ.

ದೂರನ್ನು ಇಮೇಲ್‌ನಲ್ಲಿ ಬರೆಯಿರಿ. ಕರೆ ಬಂದ ದಿನಾಂಕ, ಸಮಯ, ಸಂಖ್ಯೆ, ಆಡಿದ ಮಾತು, ಒಟಿಪಿ ಸಂದೇಶದ ಪೂರ್ಣ ಪಠ್ಯ ಎಲ್ಲವೂ ಅದರಲ್ಲಿರಲಿ. ಕರೆಯ ಧ್ವನಿಮುದ್ರಣವನ್ನು ಅಳಿಸದೆ ಕಾಯ್ದಿರಿಸಿ ಪ್ರತಿ ಕೊಡಬೇಕೆಂದು ಸ್ಪಷ್ಟವಾಗಿ ಕೇಳಿ. ಕೊಡದಿದ್ದರೂ ನಿಮಗೆ ನಷ್ಟವಿಲ್ಲ, ತಮ್ಮ ಬಳಿಯಿರುವ ಸಾಕ್ಷ್ಯವನ್ನು ತಡೆಹಿಡಿದವರಿಗೆ ಅದು ಪ್ರತಿಕೂಲವಾಗಿತ್ತೆಂದು ಊಹಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಕಸ್ಟಮರ್ ಕೇರ್‌ನಲ್ಲಿ ಬಗೆಹರಿಯದಿದ್ದರೆ ದೂರಿನ ಸಂಖ್ಯೆಯೊಂದಿಗೆ ನೋಡಲ್ ಅಧಿಕಾರಿಗೆ ಬರೆಯಿರಿ, ಅವರ ವಿವರ ಕಂಪನಿಯ ವೆಬ್‌ಸೈಟಿನಲ್ಲಿ ಇರಲೇಬೇಕು. ಟ್ರಾಯ್‌ಗೆ ಬರೆದು ಉತ್ತರಕ್ಕಾಗಿ ಕಾಯುತ್ತ ಕೂರಬೇಡಿ, ವೈಯಕ್ತಿಕ ದೂರುಗಳನ್ನು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ, ಬಂದ ದೂರನ್ನು ಅದೇ ಕಂಪನಿಗೆ ರವಾನಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅದಕ್ಕಿಂತ ಎಷ್ಟೋ ಮೇಲು. ನನ್ನ ವಿಷಯದಲ್ಲಿ ಕಂಪನಿಯ ಧಾಟಿ ಬದಲಾದದ್ದು ಅಲ್ಲಿ ದೂರು ದಾಖಲಾದ ಮೇಲೆಯೇ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ, ಕಾಲಮಿತಿ 2 ವರ್ಷ. ಇಷ್ಟು ಸಣ್ಣ ಮೊತ್ತಕ್ಕೆ ಆಯೋಗದವರೆಗೆ ಹೋಗಬೇಕೇ ಎಂದು ನನಗೆ ಹಲವರು ಹೇಳಿದರು, ನಾನು ಭಾಗಶಃ ಮರುಪಾವತಿಗೆ ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ನನ್ನ ಕಡತದಲ್ಲಿ ಆ ರೀಚಾರ್ಜ್‌ಗಳು ಇಲ್ಲದಿದ್ದರೆ ನಾನು ಖಂಡಿತ ಹೋಗುತ್ತಿದ್ದೆ. ನಿಮ್ಮ ಕಡತದಲ್ಲಿ ಅವು ಇನ್ನೂ ಇಲ್ಲ.

ನಿಮ್ಮ ಮುಂದಿನ ರೀಚಾರ್ಜ್ ದಿನಾಂಕ ಬರುವ ಮೊದಲೇ ಆ್ಯಪ್‌ನಲ್ಲಿ ಪ್ಯಾಕನ್ನು ಹಳೆಯ ಎಸ್‌ಡಿ ಚಾನೆಲ್‌ಗಳಿಗೆ ಬದಲಿಸಿ, ಬದಲಿಸಿದ ಪರದೆಯ ಚಿತ್ರ ಇಟ್ಟುಕೊಂಡು, ಅಷ್ಟಕ್ಕೇ ಹಣ ಕಟ್ಟಿ. ಬದಲಿಸಲು ಬಿಡದಿದ್ದರೆ ಕೆಲವು ದಿನ ಸಂಪರ್ಕ ನಿಂತರೂ ಪರವಾಗಿಲ್ಲ, ತಡೆದುಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದು ಕಟ್ಟಲೇಬೇಕಾಗಿ ಬಂದರೆ, ಕಟ್ಟುವ ಮೊದಲು "ಈ ಪಾವತಿಯನ್ನು ಆಕ್ಷೇಪಣೆಯೊಂದಿಗೆ ಮಾಡುತ್ತಿದ್ದೇನೆ, ಇದು ಹೊಸ ಪ್ಯಾಕಿಗೆ ಸಮ್ಮತಿಯಲ್ಲ" ಎಂದು ದೂರಿನ ಸಂಖ್ಯೆಸಹಿತ ಅವರಿಗೆ ಇಮೇಲ್ ಕಳುಹಿಸಿ. ಬಾಕ್ಸನ್ನು ವಾಪಸ್ ಪಡೆಯಲು ಯಾರಾದರೂ ಬಂದರೆ ಅದರ ಹಿಂಬದಿಯ ಕ್ರಮಸಂಖ್ಯೆಯ ಚಿತ್ರ ತೆಗೆದುಕೊಳ್ಳಿ, ಸ್ವೀಕೃತಿಯ ಸಂದೇಶ ನಿಮ್ಮ ಮೊಬೈಲಿಗೆ ಬಂದ ಮೇಲಷ್ಟೇ ಬಾಕ್ಸನ್ನು ಅವರ ಕೈಗೆ ಕೊಡಿ.