ಬ್ಯಾಡಗಿಯ ಬಣ್ಣ, ಗುಂಟೂರಿನ ಖಾರ ಒಂದೇ ಕಾಯಿಗೆ ಬರುತ್ತದಾ?

ಸಿಂಧನೂರು ಕಡೆಯವರು ಅಂತ ಬರೆದಿದ್ದೀರಿ. ಬ್ಯಾಡಗಿಯ ಬಣ್ಣ, ಗುಂಟೂರಿನ ಖಾರ ಒಂದೇ ಗಿಡದಲ್ಲಿ ಸಿಗುವ ಹಾಗೆ ಮಾಡಬಹುದಾ, ಯಾವ ಗುಣದ ಜೀನ್ ಎಲ್ಲಿದೆ ಅಂತ ತೋರಿಸುವ ಜೀನ್ ನಕ್ಷೆಯಿಂದ ಅದಕ್ಕೆ ಏನು ಉಪಯೋಗ, ಹೈಬ್ರಿಡ್ ಬೀಜ ಎತ್ತಿಟ್ಟು ಬಿತ್ತಬಹುದಾ ಅನ್ನುವುದು ನಿಮ್ಮ ಪ್ರಶ್ನೆ. ನಾನು ಸಿರುಗುಪ್ಪದವನು, ತಳಿ ಅಭಿವೃದ್ಧಿ ಓದಿದವನು. ಎರಡನ್ನೂ ಸೇರಿಸಲು ಅಡ್ಡಿಯೇನಿಲ್ಲ.

ಮೆಣಸಿನಕಾಯಿಗೆ 12 ಜೊತೆ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳು. ಖಾರ ಬೇಕಾ ಬೇಡವಾ ಅಂತ ತೀರ್ಮಾನಿಸುವ ಪನ್1 ಜೀನ್ ಎರಡನೆಯದರಲ್ಲಿದೆ. ಹಣ್ಣು ಕೆಂಪಾಗಲು ಬೇಕಾದ ಸಿಸಿಎಸ್ ಜೀನ್ ಆರನೆಯದರಲ್ಲಿ. ದೊಣ್ಣೆ ಮೆಣಸಿನಕಾಯಿ ನೋಡಿ, ಪನ್1 ಕೆಟ್ಟಿರುವುದರಿಂದ ಖಾರವಿಲ್ಲ, ಆದರೂ ಹಣ್ಣಾದರೆ ಕೆಂಪಗಾಗುತ್ತದೆ. ಒಂದಕ್ಕೆ ಇನ್ನೊಂದರ ಹಂಗಿಲ್ಲ. ಆದರೆ ಎಷ್ಟು ಖಾರ, ಎಷ್ಟು ಗಾಢ ಅನ್ನುವುದರಲ್ಲಿ ಇನ್ನೂ ಹಲವು ಜೀನ್‌ಗಳ ಕೈವಾಡ ಇರುತ್ತದೆ. ಅವನ್ನು ಹುಡುಕಲಿಕ್ಕೇ ನಕ್ಷೆ.

ನಕ್ಷೆ ಮಾಡಲು ಬ್ಯಾಡಗಿ ಗಿಡದ ಮೊಗ್ಗು ಅರಳುವ ಮೊದಲೇ ಚಿಮಟದಿಂದ ಕೇಸರ ಕಿತ್ತು, ಖಾರದ ತಳಿಯ ಪರಾಗ ಸವರುತ್ತಾರೆ. ಆ ಹೈಬ್ರಿಡ್ ಬೀಜದಿಂದ ಬಂದ ಗಿಡಗಳು ಹೆಚ್ಚೂಕಡಿಮೆ ಒಂದೇ ಥರ. ಅವುಗಳ ಬೀಜ ಬಿತ್ತಿದರೆ ಮಾತ್ರ ಎಲ್ಲಾ ಕಲಸಿಹೋಗುತ್ತದೆ. ಆಗ ಪ್ರತಿ ಗಿಡದ ಎಲೆಯಿಂದ ಡಿಎನ್‌ಎ ತೆಗೆದು, ಅದರ ಕಾಯಿಯ ಬಣ್ಣ, ಖಾರ ಅಳೆದು, ಬ್ಯಾಡಗಿಯ ಯಾವ ಡಿಎನ್‌ಎ ತುಣುಕು ಬಂದಾಗಲೆಲ್ಲ ಬಣ್ಣ ಏರುತ್ತದೆ ಅಂತ ತಾಳೆ ಹಾಕುತ್ತಾರೆ.

ಡಿಎನ್‌ಎ ಓದುವುದು ಈಗ ದೊಡ್ಡ ಕೆಲಸವಲ್ಲ. 2014ರಲ್ಲೇ ಮೆಣಸಿನಕಾಯಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಓದು, ಪ್ರಕಟವಾಗಿದೆ. ನನ್ನ ಪ್ರಕಾರ ಕಷ್ಟ ಇರುವುದು ಅಳತೆಯಲ್ಲಿ. ಒಂದು ಕಾಯಿ ಸೀಳಿ ನೋಡಿ. ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನ ಮೇಲೆ ಸಣ್ಣ ಹಳದಿ ಗುಳ್ಳೆಗಳಿರುತ್ತವೆ. ಖಾರ ತುಂಬಿರುವುದು ಅಲ್ಲೇ, ಬೀಜಕ್ಕೆ ಸುಮ್ನೆ ಸವರಿಕೊಂಡಿರುತ್ತದೆ. ಪುಡಿ ಮಾಡುವಾಗ ಒಂದು ಗಿಡದ್ದರಲ್ಲಿ ತಿರುಳು ಉದುರಿಹೋಗಿ, ಇನ್ನೊಂದರಲ್ಲಿ ಉಳಿದರೆ ಲೆಕ್ಕವೇ ಬೇರೆ. ಕಾಲುವೆ ನೀರು ತಡವಾಗಿ ಗಿಡ ಬಾಡಿದರೂ ಖಾರ ಬದಲಾಗುತ್ತದೆ. ಕಣದಲ್ಲಿ ಬಿಸಿಲಿಗೆ ಜಾಸ್ತಿ ಬಿಟ್ಟರೆ ಬಣ್ಣ ಇಳಿಯುತ್ತದೆ. ಇಟ್ಟಲ್ಲೇ ಬಣ್ಣ ಹೋಗುತ್ತದೆ ಅಂತಲೇ ಅಲ್ವಾ ಕೋಲ್ಡ್ ಸ್ಟೋರೇಜಿಗೆ ಬಾಡಿಗೆ ಕಟ್ಟುವುದು? ಹಾಗಾಗಿ ಒಂದೇ ಹೊಲ, ಒಂದೇ ಹಂಗಾಮಿನ ನಕ್ಷೆಯನ್ನು ನಾನಂತೂ ನಂಬುವುದಿಲ್ಲ. ಬೇರೆ ಬೇರೆ ಕಡೆ ಬೆಳೆದರೂ ಅದೇ ತುಣುಕು ಕೈಗೆ ಸಿಕ್ಕರೆ, ಸಸಿ ಮಡಿಯಲ್ಲಿದ್ದಾಗಲೇ ಎಲೆ ಚೂರು ಪರೀಕ್ಷಿಸಿ ಬೇಡದ್ದನ್ನು ಕಿತ್ತುಹಾಕಬಹುದು. ಕಾಯಿ ಬಿಡುವ ತನಕ ಕಾಯಬೇಕಿಲ್ಲ.

ಬಣ್ಣ ತೆಗೆಯುವ ಫ್ಯಾಕ್ಟರಿಗಳಿಗೆ ಖಾರ ಕಡಿಮೆ ಇದ್ದರೇ ಒಳ್ಳೆಯದು, ಹಾಗಾಗಿ ಎರಡೂ ಇರುವ ಕಾಯಿಗೆ ಕೊಳ್ಳುವವರು ಯಾರು ಅಂತ ಪೇಟೆಯಲ್ಲಿ ಮೊದಲು ವಿಚಾರಿಸಿ. ಹೈಬ್ರಿಡ್ ಬೀಜ ಎತ್ತಿಡಬೇಡಿ. ಮೇಲೆ ಹೇಳಿದ ಕಲಸುಮೇಲೋಗರ ನಿಮ್ಮ ಹೊಲದಲ್ಲೇ ಆಗುತ್ತದೆ, ಒಂದೇ ಚೀಲದಲ್ಲಿ ನಾಲ್ಕು ಥರದ ಕಾಯಿ ಬಂದರೆ ದಲಾಲರು ರೇಟು ಇಳಿಸುತ್ತಾರೆ.