ಲಂಚ್ ರೂಮಿನ ಹಾಕಿ: ವಿನ್ನಿಪೆಗ್‌ಗೆ ಹೊಸದಾಗಿ ಬಂದ ತಮ್ಮನಿಗೆ

ನಿಮ್ಮ ಮೆಸೇಜ್ ಎರಡು ಸಲ ಓದಿದೆ. ಆಗಸ್ಟ್‌ನಲ್ಲಿ ಕೆನಡಾದ ವಿನ್ನಿಪೆಗ್‌ಗೆ ಬಂದಿದ್ದೀರಿ. ಕೆಲಸ ಸಿಕ್ಕಿದೆ, ಮನೆ ಸಿಕ್ಕಿದೆ, ಬಸ್ಸಿನ ದಾರಿಯೂ ಗೊತ್ತಾಗಿದೆ. ಆದರೆ ಅಕ್ಟೋಬರ್ ಬಂದದ್ದೇ ತಡ, ಲಂಚ್ ರೂಮಿನಲ್ಲಿ ಎಲ್ಲರೂ ಜೆಟ್ಸ್ ಜೆಟ್ಸ್ (ಈ ಊರಿನ ಐಸ್ ಹಾಕಿ ತಂಡ) ಅನ್ನತೊಡಗಿದ್ದಾರೆ, ನೀವು ಸುಮ್ನೆ ತಲೆ ಆಡಿಸಿ, ಡಬ್ಬಿ ಖಾಲಿ ಮಾಡಿ ಎದ್ದು ಬರುತ್ತೀರಿ. "ಹಾಕಿ ಕಲಿಯಲೇಬೇಕಾ ಅಕ್ಕಾ? ಇಲ್ಲದಿದ್ದರೆ ಹೊರಗಿನವನಾಗಿಯೇ ಉಳೀತೀನಾ? ಅದು ಬಿಳಿಯರ ಆಟ ಅಲ್ವಾ?" ಅಂತ ಕೇಳಿದ್ದೀರಿ.

ಕಲಿಯಲೇಬೇಕು ಅಂತೇನಿಲ್ಲ. ನಾನು ಬಂದು ಹದಿಮೂರು ವರ್ಷ ಆಯಿತು, ಇವತ್ತಿಗೂ ಪಕ್ (ಚೆಂಡಿನ ಬದಲು ಬಳಸುವ ಕಪ್ಪು ಬಿಲ್ಲೆ) ಎಲ್ಲಿದೆ ಅಂತ ಟಿವಿಯಲ್ಲಿ ಹುಡುಕುತ್ತೇನೆ. ಆದರೆ ಇವರು ಯಾವುದರ ಬಗ್ಗೆ ವಾದ ಮಾಡುತ್ತಿದ್ದಾರೆ ಅನ್ನುವುದು ತಿಳಿದಿರಲಿ. ಅದು ತಿಳಿಯದೆ ನಾನು ಮೂರು ವರ್ಷ ಕಳೆದೆ, ಒಂದು ದಿನ ಚೆನ್ನಾಗಿಯೇ ಪೆಟ್ಟು ತಿಂದೆ.

2015ರ ಏಪ್ರಿಲ್. ಸಂಜೆ ಕೆಲಸ ಮುಗಿಸಿ ಪೋರ್ಟೇಜ್ ಅವೆನ್ಯೂಗೆ ಬಂದರೆ ರಸ್ತೆ ತುಂಬ ಬಿಳಿ ಬಟ್ಟೆಯ ಜನ. ಬಿಳಿ ಶರ್ಟು, ಬಿಳಿ ಟೋಪಿ, ಮುಖಕ್ಕೂ ಬಿಳಿ ಬಣ್ಣ. ನಮ್ಮ ಕಡೆ ಇಷ್ಟೊಂದು ಬಿಳಿ ಕಂಡರೆ ಏನು ಅಂದುಕೊಳ್ಳುತ್ತೇವೆ ಹೇಳಿ! ಆಮೇಲೆ ಗೊತ್ತಾಯಿತು, ಪ್ಲೇಆಫ್ ಪಂದ್ಯಕ್ಕೆ ಎಲ್ಲರೂ ಬಿಳಿ ಹಾಕಿಕೊಂಡು ಹೋಗುವುದು 1987ರಿಂದ ಈ ಊರಿನ ಪದ್ಧತಿ, ಅದಕ್ಕೆ ವೈಟ್‌ಔಟ್ ಅನ್ನುತ್ತಾರೆ. ಅಷ್ಟು ಸಂಭ್ರಮ ನೋಡಿ ಗೆದ್ದೇ ಇರುತ್ತಾರೆ ಅಂದುಕೊಂಡು ಮಾರನೇ ದಿನ ಪಕ್ಕದ ಮೇಜಿನವಳಿಗೆ ಕಂಗ್ರಾಜುಲೇಷನ್ಸ್ ಹೇಳಿದೆ. ಅನಾಹೈಮ್ ತಂಡದ ಎದುರು ಸತತ ನಾಲ್ಕನೇ ಪಂದ್ಯ ಸೋತು ಜೆಟ್ಸ್ ಹೊರಗೆ ಬಿದ್ದಿತ್ತು. ಅವಳು ಸಿಟ್ಟಾಗಲಿಲ್ಲ. ಕಾಫಿ ತಂದುಕೊಟ್ಟು, ಕೂರಿಸಿಕೊಂಡು, ಹಳೆಯ ಕಥೆ ಹೇಳಿದಳು.

ಆ ಕಥೆ ಇಷ್ಟೇ. ಈ ಊರಿಗೆ ಮೊದಲೂ ಒಂದು ಜೆಟ್ಸ್ ಇತ್ತು. 1996ರಲ್ಲಿ ಅದು ಊರು ಬಿಟ್ಟು ಅಮೆರಿಕದ ಫೀನಿಕ್ಸ್‌ಗೆ ಹೋಯಿತು. ಆಟಗಾರರ ಸಂಬಳ ಅಮೆರಿಕನ್ ಡಾಲರ್‌ನಲ್ಲಿ, ಟಿಕೆಟ್ ದುಡ್ಡು ಬರುವುದು ಕೆನಡಾ ಡಾಲರ್‌ನಲ್ಲಿ. ಆಗ ನಮ್ಮ ಡಾಲರ್ ಕುಸಿದಿತ್ತು, ಕ್ರೀಡಾಂಗಣ ಹಳೆಯದಾಗಿತ್ತು. ತಂಡ ಉಳಿಸಿಕೊಳ್ಳಲು ಜನ ಬೀದಿಗೆ ಬಂದು ಚಂದಾ ಎತ್ತಿದರು, ಮಕ್ಕಳು ಹುಂಡಿ ಒಡೆದು ಚಿಲ್ಲರೆ ಕೊಟ್ಟರು. ಆದರೂ ಹೋಯಿತು. ನನ್ನ ಗೆಳತಿಗೆ ಆಗ ಹನ್ನೊಂದು ವರ್ಷ. ಅಪ್ಪ ಅಡುಗೆಮನೆಯಲ್ಲಿ ನಿಂತು ಅತ್ತದ್ದನ್ನು ಮೊದಲ ಸಲ ನೋಡಿದ್ದು ಅವತ್ತೇ ಅಂದಳು.

ಹದಿನೈದು ವರ್ಷ ಊರಿನಲ್ಲಿ ದೊಡ್ಡ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಇರಲಿಲ್ಲ. 2011ರಲ್ಲಿ ಟ್ರೂ ನಾರ್ತ್ ಎಂಬ ಸ್ಥಳೀಯ ಕಂಪನಿ ಅಟ್ಲಾಂಟಾದ ತಂಡವನ್ನು ಕೊಂಡು ಇಲ್ಲಿಗೆ ತಂದಿತು. 13,000 ಸೀಸನ್ ಟಿಕೆಟ್ ಮಾರಿ ತೋರಿಸಬೇಕಿತ್ತು. ಸಾರ್ವಜನಿಕರಿಗೆ ಬಿಟ್ಟ ಟಿಕೆಟ್‌ಗಳು ನಿಮಿಷಗಳಲ್ಲೇ ಮುಗಿದವು. ಮುಂದೆ ಕೋವಿಡ್ ಬಂತು, ಬೆಲೆ ಏರಿತು. 2024ರ ಹೊತ್ತಿಗೆ ಆ ಸಂಖ್ಯೆ 9,500ರ ಆಸುಪಾಸಿಗೆ ಇಳಿದಿತ್ತು, ಹೀಗೇ ಆದರೆ ಬಹಳ ದಿನ ನಡೆಯುವುದಿಲ್ಲ ಅಂತ ಮಾಲೀಕ ಮಾರ್ಕ್ ಚಿಪ್‌ಮನ್ ಬಾಯಿ ಬಿಟ್ಟೇ ಹೇಳಿದರು. ಅವತ್ತು ನಮ್ಮ ಲಂಚ್ ರೂಮಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ನಮ್ಮವರು ಜೆಟ್ಸ್ ಅಂದ ಕೂಡಲೇ ಆರ್‌ಸಿಬಿ ಹೋಲಿಕೆ ತೆಗೆಯುತ್ತಾರೆ: ಕಪ್ ಬಾರದೆ ಕಾದ ಅಭಿಮಾನಿಗಳು ಅಂತ. ಅರ್ಧ ಸರಿ. ಆರ್‌ಸಿಬಿ ಹದಿನೆಂಟು ವರ್ಷ ಕಾಯಿಸಿತು, ನಿಜ. ಆದರೆ ಅದು ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೋದೀತು ಅಂತ ಬೆಂಗಳೂರಿನವರು ಯಾವತ್ತಾದರೂ ನಿದ್ದೆ ಕೆಟ್ಟಿದ್ದಾರಾ?

ಇಲ್ಲಿನ ವಾದಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ. ಯಾರು ಉಳೀತಾರೆ, ಯಾರು ಹೋಗ್ತಾರೆ? ಇದು ಲೀಗಿನ ಚಿಕ್ಕ ಊರುಗಳಲ್ಲಿ ಒಂದು, ಚಳಿಯೋ ದೇವರಿಗೇ ಪ್ರೀತಿ. ಕೆಲವು ಹಿರಿಯ ಆಟಗಾರರು ತಮ್ಮ ಒಪ್ಪಂದದಲ್ಲಿ ಈ ಈ ಊರಿಗೆ ನನ್ನನ್ನು ಕಳಿಸಬೇಡಿ ಅಂತ ಪಟ್ಟಿ ಬರೆಸಿಕೊಳ್ಳಬಹುದು; ಅಂಥ ಪಟ್ಟಿಗಳಲ್ಲಿ ನಮ್ಮೂರು ಇದ್ದೇ ಇರುತ್ತದೆ ಅಂತ ಇಲ್ಲಿನವರೇ ನಕ್ಕು ಹೇಳುತ್ತಾರೆ. ಅದಕ್ಕೇ 2023ರ ಅಕ್ಟೋಬರ್‌ನಲ್ಲಿ ಗೋಲ್‌ಕೀಪರ್ ಕಾನರ್ ಹೆಲ್ಲೆಬಕ್ ಮತ್ತು ತಂಡದ ದೊಡ್ಡ ಆಟಗಾರ ಮಾರ್ಕ್ ಶೈಫಲೀ ಒಂದೇ ದಿನ ಏಳೇಳು ವರ್ಷಕ್ಕೆ ಸಹಿ ಹಾಕಿದಾಗ ಆಫೀಸಿಗೆ ಕೇಕ್ ಬಂತು. 2025ರ ಜುಲೈನಲ್ಲಿ ನಮ್ಮ ಆಟಗಾರ ನಿಕೊಲಾಯ್ ಈಲರ್ಸ್ ಒಪ್ಪಂದ ಮುಗಿದು ಕ್ಯಾರೊಲೈನಾಗೆ ಹೋದಾಗ ಎರಡು ಪಕ್ಷ ಆದವು: ಅವನ ಇಷ್ಟ, ಹೋಗಲಿ ಬಿಡಿ ಅನ್ನುವವರು, ಸುಮ್ಮನೆ ಬಿಟ್ಟುಕೊಡುವ ಬದಲು ಮಾರ್ಚಿನಲ್ಲೇ ಬೇರೆ ತಂಡಕ್ಕೆ ಕೊಟ್ಟು ಏನಾದರೂ ಗಿಟ್ಟಿಸಬೇಕಿತ್ತು ಅನ್ನುವವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಬ್ಬ ಮುಖ್ಯ ಆಟಗಾರ ಕೈಲ್ ಕಾನರ್ ಇನ್ನೂ ಎಂಟು ವರ್ಷ ಇಲ್ಲೇ ಅಂತ ಸಹಿ ಹಾಕಿದ ಮೇಲೆ ಎರಡೂ ಪಕ್ಷ ತಣ್ಣಗಾದವು. ವರ್ಷಕ್ಕೆ 1 ಕೋಟಿ 20 ಲಕ್ಷ ಡಾಲರ್. ದುಡ್ಡು ಜಾಸ್ತಿ ಆಯಿತು ಅಂತ ಬೇರೆ ಊರಲ್ಲಿ ಗೊಣಗುತ್ತಾರೇನೋ, ಇಲ್ಲಿ ಅಂಥ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ನಿಮಗೂ ಈ ಪ್ರಶ್ನೆ ಬರುತ್ತದೆ, ನೋಡುತ್ತಿರಿ. "ವಿನ್ನಿಪೆಗ್ ಹೇಗಿದೆ?" ಅಂತ ಶುರುವಾಗಿ "ಇಲ್ಲೇ ಇರ್ತೀರಾ?" ಅಂತ ಮುಗಿಯುತ್ತದೆ. ಮ್ಯಾನಿಟೋಬಾ ಮೂಲಕ ಪಿಆರ್ ಮಾಡಿಸಿಕೊಂಡು ಎರಡನೇ ವರ್ಷವೇ ಟೊರೊಂಟೊಗೋ ಕ್ಯಾಲ್ಗರಿಗೋ ಹೊರಟವರನ್ನು ಇವರು ಬೇಕಾದಷ್ಟು ನೋಡಿದ್ದಾರೆ. ಕೇಳುವುದರಲ್ಲಿ ಕೊಂಕಿಲ್ಲ. ಈಲರ್ಸ್ ಬಗ್ಗೆ ಕೇಳುವ ದನಿಯಲ್ಲೇ ನಿಮ್ಮನ್ನೂ ಕೇಳುತ್ತಾರೆ.

ಇನ್ನು ದಿನಾ ಬೆಳಗ್ಗೆ ನಡೆಯುವ ಪಾಯಿಂಟ್ ಲೆಕ್ಕ. ತಂಡಗಳು 32, 2025-26ರ ಸೀಸನ್ನಿನವರೆಗೆ ಒಂದೊಂದಕ್ಕೂ 82 ಪಂದ್ಯ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಗೆದ್ದರೆ 2. ಸೋತರೆ ಸೊನ್ನೆ. ಆದರೆ 60 ನಿಮಿಷಕ್ಕೆ ಸಮ ಆಗಿ, ಓವರ್‌ಟೈಮ್‌ನಲ್ಲೋ ಶೂಟ್‌ಔಟ್‌ನಲ್ಲೋ ಸೋತರೆ 1 ಸಿಗುತ್ತದೆ. ಸೋತವನಿಗೆ ಯಾಕೆ ಪಾಯಿಂಟ್ ಅನ್ನುವ ಜಗಳ ವರ್ಷಾವರ್ಷ ಇದ್ದದ್ದೇ. 60 ನಿಮಿಷದಲ್ಲೇ ಗೆದ್ದರೆ 3 ಕೊಡಿ, ಸಮಕ್ಕೆ ಆಡಿ ಕಾಲ ಕಳೆಯುವುದು ನಿಲ್ಲುತ್ತದೆ ಅನ್ನುವವರ ಕಡೆ ನಾನಿದ್ದೇನೆ. ಪ್ಲೇಆಫ್‌ನಲ್ಲಿ ಇದೆಲ್ಲ ಇಲ್ಲ, ಗೋಲು ಬೀಳುವ ತನಕ ಆಡುತ್ತಲೇ ಇರಬೇಕು. ಆಫ್‌ಸೈಡ್, ಐಸಿಂಗ್ ಅನ್ನುವ ನಿಯಮಗಳನ್ನು ತಲೆಗೆ ಹಚ್ಚಿಕೊಳ್ಳಬೇಡಿ, ತಾನೇ ಬರುತ್ತದೆ.

2025ರ ಮೇ 4ರ ಕಥೆ ಮಾತ್ರ ಕೇಳಲೇಬೇಕು, ಯಾಕಂದ್ರೆ ಮೇಲಿಂದ ಮೇಲೆ ಅದರ ಪ್ರಸ್ತಾಪ ಬರುತ್ತದೆ. ಲೀಗಿನಲ್ಲಿ 116 ಪಾಯಿಂಟ್ ತೆಗೆದು ಜೆಟ್ಸ್ ಎಲ್ಲರಿಗಿಂತ ಮೇಲಿತ್ತು. ಮೊದಲ ಸುತ್ತಿನಲ್ಲೇ ಸೇಂಟ್ ಲೂಯಿಸ್ ತಂಡ ಅದನ್ನು ಏಳನೇ, ಅಂದರೆ ಸುತ್ತಿನ ಕೊನೆಯ ಪಂದ್ಯಕ್ಕೆ ಎಳೆದು ತಂದಿತು. ಕೊನೆಗೆ ಎರಡು ನಿಮಿಷ ಉಳಿದಾಗ ನಾವು 1-3. ಹೀಗಾದಾಗ ಗೋಲ್‌ಕೀಪರ್‌ನನ್ನೇ ಹೊರಗೆ ಕರೆಸಿ ಅವನ ಬದಲು ಇನ್ನೊಬ್ಬ ಆಟಗಾರನನ್ನು ಇಳಿಸುತ್ತಾರೆ. ಮನೆ ಬಾಗಿಲು ತೆರೆದಿಟ್ಟು ಕಳ್ಳನನ್ನು ಹಿಡಿಯಲು ಹೋದ ಹಾಗೆ. ನಮ್ಮ ಮನೆಯವರು ಟಿವಿ ಆರಿಸಿ ಮಲಗಲು ಹೋದರು. ನಾನು ಪಾತ್ರೆ ತೊಳೆಯುತ್ತ ಫೋನಿನಲ್ಲಿ ನೋಡುತ್ತಿದ್ದೆ. 2-3 ಆಯಿತು. ಆಮೇಲೆ ಗಡಿಯಾರದಲ್ಲಿ 1.6 ಸೆಕೆಂಡ್ ಉಳಿದಾಗ ಕೋಲ್ ಪರ್ಫೆಟಿ 3-3 ಮಾಡಿದ. ನನ್ನ ಕೈಯಲ್ಲಿದ್ದ ಬಾಣಲೆ ಸಿಂಕಿಗೆ ಬಿದ್ದ ಸದ್ದಿಗೆ ಮನೆಯವರು ಎದ್ದು ಬಂದರು. ಎರಡನೇ ಓವರ್‌ಟೈಮ್‌ನಲ್ಲಿ ಕ್ಯಾಪ್ಟನ್ ಆ್ಯಡಮ್ ಲೌರಿ ಗೋಲು ಹೊಡೆದ. ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ, ಯಾವತ್ತೂ ಹಾರ್ನ್ ಮಾಡದ ಈ ಜನ, ಕಾರಿನ ಹಾರ್ನ್ ಒತ್ತಿ ಹಿಡಿದುಕೊಂಡೇ ಓಡಾಡಿದರು. ಬೆಂಗಳೂರಿನ ಸಿಗ್ನಲ್ ನೆನಪಾಗಿ ಕಣ್ಣು ತುಂಬಿತು ಅಂದರೆ ನಗಬೇಡಿ.

ಮುಂದಿನ ಸುತ್ತಿನಲ್ಲಿ ಡಲ್ಲಾಸ್ ನಮ್ಮನ್ನು ಸೋಲಿಸಿತು. ಆರನೇ ಪಂದ್ಯದ ಹಿಂದಿನ ರಾತ್ರಿ ಶೈಫಲೀಯ ತಂದೆ ತೀರಿಕೊಂಡರು. ಅವನು ಆಡಿದ. ಮೊದಲ ಗೋಲು ಅವನದೇ. ಕೊನೆಯ ಕ್ಷಣಗಳಲ್ಲಿ ಎದುರಾಳಿಯನ್ನು ತಡೆಯಲು ಹೋಗಿ ಬೀಳಿಸಿದ, ಶಿಕ್ಷೆಯಾಗಿ ಹೊರಗೆ ಕೂತ, ಓವರ್‌ಟೈಮ್‌ನಲ್ಲಿ ಅದೇ ಹೊತ್ತಿಗೆ ಡಲ್ಲಾಸ್ ಗೋಲು ಹೊಡೆಯಿತು. ಸೋಮವಾರ ರಜೆ ಇತ್ತು. ಮಂಗಳವಾರ ಲಂಚ್ ರೂಮಿನಲ್ಲಿ ಆ ಪೆನಾಲ್ಟಿಯ ಬಗ್ಗೆ ಒಬ್ಬರೂ ವಾದ ಮಾಡಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ಮಂಗಳವಾರ ಇನ್ನೊಂದು ನೋಡಿಲ್ಲ.

ಬಿಳಿಯರ ಆಟ ಅಂದಿರಿ. ಐಸ್ ಮೇಲೆ ನೋಡಿದರೆ ಇವತ್ತಿಗೂ ಬಹುಪಾಲು ಹೌದು. ದಶಕಗಟ್ಟಲೆ ಟಿವಿಯಲ್ಲಿ ಹಾಕಿ ವಿಶ್ಲೇಷಣೆ ಮಾಡಿದ ಡಾನ್ ಚೆರಿ 2019ರಲ್ಲಿ ವಲಸೆ ಬಂದವರ ಬಗ್ಗೆ ಆಡಿದ ಮಾತಿಗೆ ಕೆಲಸ ಕಳೆದುಕೊಂಡ. ಅವನ ಪರವಾಗಿ ಮಾತಾಡಿದವರು ನಮ್ಮ ಆಫೀಸಿನಲ್ಲೂ ಇದ್ದರು, ಆ ವಾರ ನಾನು ನನ್ನ ಮೇಜಿನಲ್ಲೇ ಊಟ ಮಾಡಿದೆ. ಇನ್ನೊಂದು ಕಡೆ, 2008ರಿಂದ ಪಂಜಾಬಿಯಲ್ಲಿ ಹಾಕಿ ಕಾಮೆಂಟರಿ ಬರುತ್ತಿದೆ. ಅಲ್ಲಿ ಶುರು ಮಾಡಿದ ಹರ್ನಾರಾಯಣ್ ಸಿಂಗ್ ಈಗ ಇಂಗ್ಲಿಷಿನಲ್ಲೂ ಹೇಳುತ್ತಾರೆ. ಯೂಟ್ಯೂಬಿನಲ್ಲಿ ಪಂಜಾಬಿ ತುಣುಕು ಒಂದು ಕೇಳಿ, ಭಾಷೆ ಬರದಿದ್ದರೂ ಆಟ ಅರ್ಥ ಆಗುತ್ತದೆ.

ಪಂದ್ಯ ನೋಡಬೇಕು ಅನ್ನಿಸಿದರೆ ಮೊದಲ ಸಲವೇ ಜೆಟ್ಸ್‌ಗೆ ದುಡ್ಡು ಸುರಿಯಬೇಡಿ. ಅದೇ ಕ್ರೀಡಾಂಗಣದಲ್ಲಿ ಕೆಳಗಿನ ಲೀಗಿನ ಮ್ಯಾನಿಟೋಬಾ ಮೂಸ್ ಆಡುತ್ತದೆ, ಟಿಕೆಟ್ ಎಷ್ಟೋ ಅಗ್ಗ. ಒಳಗೂ ಚಳಿ ಇರುತ್ತದೆ, ಸ್ವೆಟರ್ ಇರಲಿ. ಜೆಟ್ಸ್ ಪಂದ್ಯಕ್ಕೆ ಹೋದಾಗ ರಾಷ್ಟ್ರಗೀತೆಯ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ "ಟ್ರೂ ನಾರ್ತ್" ಅಂತ ಕಿರುಚುತ್ತಾರೆ. ಬೆಚ್ಚಿ ಬೀಳಬೇಡಿ, ತಂಡ ವಾಪಸ್ ತಂದವರಿಗೆ ಅದು ಇವರ ಥ್ಯಾಂಕ್ಸ್.

ಲಂಚ್ ರೂಮಿನಲ್ಲಿ ಬಾಯಿ ಬಿಡಲು ಒಂದೇ ಹೆಸರು ಸಾಕು: ಜೊನಾಥನ್ ಟೇವ್ಸ್. ಇದೇ ಊರಿನ ಹುಡುಗ, ಶಿಕಾಗೊ ಕ್ಯಾಪ್ಟನ್ ಆಗಿ ಮೂರು ಸಲ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದವನು. ಕಾಯಿಲೆ ಬಿದ್ದು ಎರಡು ಸೀಸನ್ ಆಟವೇ ಬಿಟ್ಟಿದ್ದ. 2025ರಲ್ಲಿ, 37ನೇ ವಯಸ್ಸಿನಲ್ಲಿ, ಮೊದಲ ಸಲ ಜೆಟ್ಸ್ ಅಂಗಿ ಹಾಕಿದ. ಕಾಲು ಓಡುತ್ತದಾ, ಎರಡನೇ ಸಾಲಿನ ಸೆಂಟರ್ ಜಾಗ ಅವನಿಗೆ ಕೊಡಬೇಕಾ, ಇಲ್ಲಾ ಸುಮ್ನೆ ಊರಿನ ಮೇಲಿನ ಪ್ರೀತಿಗೆ ಕರೆದರಾ? 2025-26ರ ಸೀಸನ್ನಿನ ದೊಡ್ಡ ಜಗಳ ಇದೇ. ನೀವು "ಟೇವ್ಸ್ ಹೇಗೆ ಆಡ್ತಿದ್ದಾನೆ?" ಅಂತ ಕೇಳಿ ಸುಮ್ಮನಿರಿ, ಮಿಕ್ಕಿದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಅವನು ಆ ಎರಡು ವರ್ಷದಲ್ಲಿ ಭಾರತಕ್ಕೆ ಹೋಗಿ ಐದು ವಾರ ಪಂಚಕರ್ಮ ಮಾಡಿಸಿಕೊಂಡು ಬಂದಿದ್ದಾನೆ. ಮಾತು ಅಲ್ಲಿಗೆ ಬಂದೇ ಬರುತ್ತದೆ, ಆಗ ಎಲ್ಲರೂ ನಿಮ್ಮ ಕಡೆಗೇ ತಿರುಗುತ್ತಾರೆ. ನನ್ನನ್ನು ಕೇಳಿದಾಗ ನನಗೆ ಗೊತ್ತಿದ್ದದ್ದನ್ನೇ ಹೇಳಿದೆ: ಬೇಸಿಗೆ ರಜೆಯಲ್ಲಿ ಅಜ್ಜಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ್ದು, ಇಡೀ ದಿನ ಹಿತ್ತಲಿಗೂ ಮನೆಗೂ ಓಡಾಡಿದ್ದು. ಟೇವ್ಸ್ ಇನ್ನೂ ಜೋರಾಗಿ ಸ್ಕೇಟ್ ಮಾಡಬೇಕು ಅನ್ನಿಸಿದಾಗಲೆಲ್ಲ ಈಗ ನಮ್ಮ ಆಫೀಸಿನವರು ನಿಮ್ಮಜ್ಜಿಯ ಎಣ್ಣೆ ಕಳಿಸು ಅನ್ನುತ್ತಾರೆ.